ಚಳಿಗಾಲದ ಸ್ಕೀ ಟ್ರೇಲ್ ನಿರ್ವಹಣೆಗೆ ಸೇರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವ ಉತ್ತರಗಳು ಮಿನ್ನೆಸೋಟಾ ಮತ್ತು ವಿಸ್ಕಾನ್ಸಿನ್‌ನ ಕ್ರಾಸ್‌ಕಂಟ್ರಿ ಸ್ಕೀ ಟ್ರೇಲ್‌ಗಳಿಗೆ ಸಂಬಂಧಿಸಿದವು. ಬೇರೆ ರಾಜ್ಯದಲ್ಲೋ ಕೆನಡಾದಲ್ಲೋ ಇರುವವರಿಗೂ ಹಿಮದ ಲೆಕ್ಕ ಇದೇ. ಕಾನೂನು, ಬೇಟೆಯ ದಿನಗಳು, ವಿಮೆ ಇವುಗಳ ವಿಷಯದಲ್ಲಿ ಮಾತ್ರ ನಿಮ್ಮ ಊರಿನ ಕ್ಲಬ್ಬನ್ನೇ ಕೇಳಿಕೊಳ್ಳಿ.

## ಸೇರುವ ಮುಂಚೆ

ಸ್ಕೀ ಅಂದ್ರೆ ಬೆಟ್ಟದಿಂದ ಜಾರೋದು ತಾನೇ? ಅದಕ್ಕೆ ರೆಸಾರ್ಟ್‌ನವರು ಇರ್ತಾರಲ್ಲ, ವಾಲಂಟಿಯರ್ ಯಾಕೆ?

ಲಿಫ್ಟ್ ಹತ್ತಿ ಇಳಿಜಾರಿನಲ್ಲಿ ಜಾರುವುದು ಬೇರೆ, ಅದು ಟಿಕೆಟ್ ಮಾರಿ ನಡೆಸುವ ವ್ಯಾಪಾರ. ಕ್ರಾಸ್‌ಕಂಟ್ರಿ ಸ್ಕೀಯ ದಾರಿ ಕಾಡು, ಗುಡ್ಡ, ಕೆರೆಯಂಚಿನ ಮೇಲೆ ಹೋಗುತ್ತದೆ; ಏರನ್ನೂ ಸ್ವಂತ ಕಾಲಬಲದಲ್ಲೇ ಹತ್ತಬೇಕು. ಮಿನ್ನೆಸೋಟಾದ ಡುಲೂತ್‌ನ ಲೆಸ್ಟರ್, ಹಾರ್ಟ್ಲಿ ಟ್ರೇಲ್‌ಗಳಿರಲಿ, ವಿಸ್ಕಾನ್ಸಿನ್‌ನ ಕೇಬಲ್ ಮತ್ತು ಹೇವರ್ಡ್ ನಡುವಿನ ಬರ್ಕಿ ಟ್ರೇಲ್ ಇರಲಿ (1973ರಲ್ಲಿ ಶುರುವಾದ ಅಮೆರಿಕನ್ ಬರ್ಕಬೈನರ್ ಸ್ಪರ್ಧೆ ನಡೆಯುವುದು ಅಲ್ಲೇ), ಸ್ವಯಂಸೇವಕರಿಲ್ಲದೆ ನಡೆಯುವುದಿಲ್ಲ. ಮಿನ್ನೆಸೋಟಾದಲ್ಲಿ 16 ವರ್ಷ ತುಂಬಿದವರು ಸರ್ಕಾರಿ ನೆರವಿನ ಟ್ರೇಲ್‌ಗಳಲ್ಲಿ ಸ್ಕೀ ಮಾಡಲು ಗ್ರೇಟ್ ಮಿನ್ನೆಸೋಟಾ ಸ್ಕೀ ಪಾಸ್ ಕೊಳ್ಳಬೇಕು. ಆ ಹಣ ಅನುದಾನವಾಗಿ ಕ್ಲಬ್‌ಗಳಿಗೆ ಹೋಗುತ್ತದೆ. ಅನುದಾನದಲ್ಲಿ ಇಂಧನ, ಬಿಡಿಭಾಗ ಬರುತ್ತವೆ. ಬಿದ್ದ ಮರ ಎತ್ತಲು ಜನವೇ ಬೇಕು.

ನಂಗೆ ಸ್ಕೀಯಿಂಗೇ ಬರಲ್ಲ. ಬಂದ್ರೆ ಏನಾದ್ರೂ ಪ್ರಯೋಜನ ಇದೆಯಾ?

ಖಂಡಿತ ಇದೆ. ಕೆಲಸದ ದೊಡ್ಡ ಪಾಲು ನಡೆಯುವುದು ಹಿಮ ಬೀಳುವ ಮೊದಲು, ಬೂಟು ಹಾಕಿದ ಕಾಲ ಮೇಲೆ. ಕೊಂಬೆ ಕಡಿಯುವುದು, ಕಡಿದದ್ದನ್ನು ಎಳೆದು ಹಾಕುವುದು, ಎಲೆ ಊದುವುದು, ಮೋರಿ ಬಿಡಿಸುವುದು, ಬೋರ್ಡ್ ಹೊಡೆಯುವುದು, ಇವುಗಳಲ್ಲಿ ಯಾವುದಕ್ಕೂ ಸ್ಕೀ ಬರಬೇಕಾಗಿಲ್ಲ. ಹೊಸಬರಲ್ಲಿ ಕ್ಲಬ್‌ನವರು ನೋಡುವುದು ಒಂದೇ: ಬರುತ್ತೇನೆ ಅಂದ ದಿನ ಬರುತ್ತಾರೋ ಇಲ್ಲವೋ.

ಡಿಸೆಂಬರ್‌ನಲ್ಲಿ ಹಿಮ ಬಿದ್ದ ಮೇಲೆ ಫೋನ್ ಮಾಡಿದ್ರೆ ಸಾಕಾ?

ತಡವಾಯಿತು. ಸೆಪ್ಟೆಂಬರ್‌ಗೆ ಮುಂಚೆಯೇ ಹೆಸರು ಕೊಡಿ. ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಮಧ್ಯದವರೆಗಿನ ಶನಿವಾರಗಳಲ್ಲೇ ಟ್ರೇಲ್ ತಯಾರಾಗುವುದು. ಡಿಸೆಂಬರ್‌ನಲ್ಲಿ ಬಂದವರಿಗೆ ಕೆಲಸ ಕೊಡಬಹುದು, ಕಲಿಸುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ.

ನಾವು ಎಚ್-1ಬಿ, ಎಚ್-4ನಲ್ಲಿ ಇದ್ದೀವಿ. ವೀಸಾಗೆ ತೊಂದರೆ ಆಗಲ್ವಾ?

ಲಾಭರಹಿತ ಸಂಸ್ಥೆಗೋ ಸಾರ್ವಜನಿಕ ಪಾರ್ಕಿಗೋ, ಸಾಮಾನ್ಯವಾಗಿ ಯಾರೂ ಸಂಬಳ ಪಡೆಯದ ಕೆಲಸವನ್ನು, ಪ್ರತಿಫಲದ ನಿರೀಕ್ಷೆಯಿಲ್ಲದೆ ಮಾಡಿದರೆ ಅದು ಸ್ವಯಂಸೇವೆ. ಸಿಕ್ಕಿಹಾಕಿಕೊಳ್ಳುವುದು ಎರಡು ಕಡೆ. ಕೆಲವು ಕ್ಲಬ್‌ಗಳು ಗ್ರೂಮಿಂಗ್ (ಯಂತ್ರದಿಂದ ಹಿಮ ಒತ್ತಿ ಸ್ಕೀ ದಾರಿ ಸಮಮಾಡುವ ಕೆಲಸ) ಮಾಡುವವರಿಗೆ ಗಂಟೆ ಲೆಕ್ಕದಲ್ಲಿ ದುಡ್ಡು ಕೊಡುತ್ತವೆ, ಅದನ್ನು ಮುಟ್ಟಬೇಡಿ. ಬೇರೆಯವರಿಗೆ ಸಂಬಳ ಕೊಟ್ಟು ಮಾಡಿಸುವ ಅದೇ ಕೆಲಸವನ್ನು ನೀವು ಪುಕ್ಕಟೆ ಮಾಡುವುದೂ ಪ್ರಶ್ನೆಗೆ ಎಡೆಮಾಡುತ್ತದೆ. ಸೀಸನ್ ಪಾಸ್, ಗಿಫ್ಟ್ ಕಾರ್ಡ್ ಕೊಟ್ಟರೆ ತೆಗೆದುಕೊಳ್ಳುವ ಮುಂಚೆ ನಿಮ್ಮ ಇಮಿಗ್ರೇಶನ್ ವಕೀಲರಿಗೆ ಒಂದು ಇಮೇಲ್ ಹಾಕಿ. ಕೊಂಬೆ ಕಡಿಯುವ ಶನಿವಾರದ ಕೆಲಸಕ್ಕೆ ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಗಾಯ ಆದ್ರೆ ಆಸ್ಪತ್ರೆ ಖರ್ಚು ಯಾರದ್ದು?

ಅದು ಜಮೀನು ಯಾರದ್ದು ಎನ್ನುವುದರ ಮೇಲೆ ನಿಂತಿದೆ. ರಾಷ್ಟ್ರೀಯ ಅರಣ್ಯದೊಳಗೆ ಕೆಲಸ ಮಾಡುವವರು ಒಎಫ್-301ಎ ಎಂಬ ಸ್ವಯಂಸೇವಾ ಒಪ್ಪಂದಕ್ಕೆ ಸಹಿ ಹಾಕುತ್ತಾರೆ. ಅದರಡಿ ಒಪ್ಪಿಸಿದ ಕೆಲಸ ಮಾಡುವಾಗ ಗಾಯವಾದರೆ ಫೆಡರಲ್ ನೌಕರರಿಗೆ ಸಿಗುವಂಥದ್ದೇ ಪರಿಹಾರದ ರಕ್ಷಣೆ ಇದೆ. ಸಹಿ ಹಾಕದೆ, ಯಾರಿಗೂ ಹೇಳದೆ ಒಬ್ಬರೇ ಹೋಗಿ ಮರ ಕಡಿದರೆ ಇದು ಯಾವುದೂ ಅನ್ವಯಿಸದು. ಖಾಸಗಿ ಜಮೀನು, ನಗರದ ಪಾರ್ಕುಗಳಲ್ಲಿ ಕ್ಲಬ್‌ನ ವಿಮೆ ಯಾವುದಕ್ಕೆ ಅನ್ವಯಿಸುತ್ತದೆ ಎಂದು ಮೊದಲ ದಿನವೇ ಕೇಳಿ. ಬಹಳ ಸಲ ಅದು ಬೇರೆಯವರಿಗಾದ ಹಾನಿಗೆ ಮಾತ್ರ. ನಿಮ್ಮ ಕಾಲಿಗೆ ನಿಮ್ಮದೇ ಆರೋಗ್ಯ ವಿಮೆ.

ಏನು ಹಾಕ್ಕೊಂಡು ಬರ್ಬೇಕು? ತಿನ್ನೋಕೆ ಏನು ತರೋದು?

ಹತ್ತಿ ಬೇಡ. ಹತ್ತಿ ಬನಿಯನ್, ಜೀನ್ಸ್ ಬೆವರು ಹೀರಿ ಒದ್ದೆಯಾಗಿ, ನಿಂತ ಕೂಡಲೇ ಮೈ ತಣ್ಣಗಾಗುತ್ತದೆ. ಮೈಗೆ ತಾಗುವ ಪದರ ಉಣ್ಣೆಯದೋ ಸಿಂಥೆಟಿಕ್‌ನದೋ ಇರಲಿ, ಅದರ ಮೇಲೆ ಫ್ಲೀಸ್, ಹೊರಗೆ ಗಾಳಿ ತಡೆಯುವ ತೆಳು ಜಾಕೆಟ್. ದಪ್ಪ ಡೌನ್ ಜಾಕೆಟ್ ಬ್ಯಾಗಿನಲ್ಲಿರಲಿ, ನಿಂತಾಗ ಹಾಕಿಕೊಳ್ಳಲು. ಕೆಲಸ ಶುರುವಾಗುವಾಗ ಸ್ವಲ್ಪ ಚಳಿ ಅನಿಸುತ್ತಿದ್ದರೆ ಬಟ್ಟೆ ಸರಿಯಾಗಿದೆ ಎಂದರ್ಥ. ಎರಡು ಜೊತೆ ಕೈಗವಸು ತನ್ನಿ, ಒಂದು ಜೊತೆ ಒದ್ದೆಯಾಗಿಯೇ ಆಗುತ್ತದೆ. ಗಾಳಿ ಸೇರಿದ ಚಳಿಯ ಅಂಕಿ, ಅಂದರೆ ವಿಂಡ್‌ಚಿಲ್, ಮೈನಸ್ 28 ಸೆಲ್ಸಿಯಸ್‌ಗೆ ಇಳಿದರೆ ತೆರೆದ ಚರ್ಮಕ್ಕೆ ಅರ್ಧ ಗಂಟೆಯಲ್ಲಿ ಹಿಮಗಾಯ ಆಗಬಹುದು.

ನೀರಿನ ಬಾಟಲಿಯನ್ನು ತಲೆಕೆಳಗಾಗಿ ಇಡಿ. ನೀರು ಮೇಲಿನಿಂದ ಹೆಪ್ಪುಗಟ್ಟುವುದರಿಂದ ಮುಚ್ಚಳ ಸಿಕ್ಕಿಕೊಳ್ಳುವುದಿಲ್ಲ. ಫೋನು ಒಳಜೇಬಿನಲ್ಲಿರಲಿ. ಶೇಂಗಾ ಚಿಕ್ಕಿ ತರುವವರಿಗೆ ಒಂದು ಮಾತು: ಮೈನಸ್ 15ರಲ್ಲಿ ಅದು ಹಲ್ಲಿಗೆ ಅಪಾಯ. ಗೋಡಂಬಿ, ಒಣದ್ರಾಕ್ಷಿ, ಚಪಾತಿ ರೋಲ್ ವಾಸಿ.

ಮಕ್ಕಳನ್ನ, ಊರಿಂದ ಬಂದಿರೋ ಅಪ್ಪ-ಅಮ್ಮನ್ನ ಕರ್ಕೊಂಡು ಬರಬಹುದಾ?

ಮಕ್ಕಳು ಕಡಿದ ಕೊಂಬೆ ಎಳೆಯಬಹುದು, ಎಲೆ ಗುಡಿಸಬಹುದು. ಮೋಟಾರು ಇರುವ ಯಾವ ಸಲಕರಣೆಯ ಹತ್ತಿರಕ್ಕೂ 18 ತುಂಬದವರನ್ನು ಬಿಡುವುದಿಲ್ಲ. ಹಿರಿಯರನ್ನು ಕರೆತನ್ನಿ, ಆದರೆ ಕಾಡಿಗೆ ಬೇಡ. ಸ್ಪರ್ಧೆಯ ದಿನ ಬಿಸಿ ಪಾನೀಯದ ಮೇಜಿಗೆ, ನೋಂದಣಿಗೆ ಜನ ಸಾಲುವುದೇ ಇಲ್ಲ.

ಇಂಡಿಯಾದಲ್ಲಿ ಇಂಥದ್ದು ಇದೆಯಾ?

ಗುಲ್ಮಾರ್ಗ್, ಔಲಿಗಳಲ್ಲಿ ಹೆಚ್ಚಾಗಿ ಇರುವುದು ಇಳಿಜಾರಿನ ಸ್ಕೀ. ಊರವರೇ ಸೇರಿ ಕಿಲೋಮೀಟರುಗಟ್ಟಲೆ ದಾರಿ ಕಾಪಾಡುವ ಪದ್ಧತಿ ಅಲ್ಲಿ ಬೇರೂರಿಲ್ಲ. ಕ್ರಾಸ್‌ಕಂಟ್ರಿ ಸ್ಕೀಯಂತೂ ಇದೆ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ತಂದಿರುವುದು ಇದೇ ಆಟದಲ್ಲಿ.

## ಹಿಮ ಬೀಳುವ ಮೊದಲು

ಕೊಂಬೆ ಎಷ್ಟು ಎತ್ತರದವರೆಗೆ ಕಡೀಬೇಕು? ನನ್ನ ತಲೆಗೆ ತಾಗದಿದ್ರೆ ಸಾಕಲ್ವಾ?

ಸಾಲದು. ಹೊಸಬರು ಪ್ರತಿ ವರ್ಷ ತಪ್ಪುವುದು ಇಲ್ಲೇ. ಜನವರಿಯಲ್ಲಿ ನೀವು ನಿಲ್ಲುವುದು ನೆಲದ ಮೇಲಲ್ಲ, ಒಂದೆರಡು ಅಡಿ ಗಟ್ಟಿ ಹಿಮದ ಮೇಲೆ. ಹಿಮ ಹೊತ್ತ ಕೊಂಬೆ ಇನ್ನೆರಡು ಅಡಿ ಬಾಗಿರುತ್ತದೆ. ಹಿಮದ ಮೇಲಿಂದ 8 ಅಡಿ ಬಿಡುವು ಬೇಕು, ಅಂದರೆ ಅಕ್ಟೋಬರ್‌ನ ನೆಲದಿಂದ 10ರಿಂದ 12 ಅಡಿ. ಅದಕ್ಕೆ ಉದ್ದ ಕೋಲಿನ ಗರಗಸ ಬೇಕು, ಏಣಿ ತರಬೇಡಿ.

ಅಗಲ ಸ್ಕೀ ಮಾಡುವ ಶೈಲಿಗೆ ತಕ್ಕಂತೆ. ಎರಡು ಗೆರೆಗಳ ಮೇಲೆ ನೇರ ಜಾರುವ ಕ್ಲಾಸಿಕ್ ಶೈಲಿಯ ಒಂದೇ ಸಾಲಿನ ಟ್ರೇಲ್‌ಗೆ 7–8 ಅಡಿ ಸಾಕು. ಕಾಲನ್ನು ಅಡ್ಡಡ್ಡ ತಳ್ಳುವ ಸ್ಕೇಟ್ ಶೈಲಿಗೆ 12 ಅಡಿಯಾದರೂ ಬೇಕು. ತಿರುವಿನ ಒಳಮಗ್ಗುಲಲ್ಲಿ ಇನ್ನಷ್ಟು ಬಿಡಿಸಿ, ಇಳಿದು ಬರುವವರಿಗೆ ಮುಂದೆ ಬಿದ್ದವರು ಕಾಣಬೇಕು.

ಬುಡದ ಕಡೆ ಗಿಡಗಂಟಿಯನ್ನು ನೆಲಸಮ ಕತ್ತರಿಸಿ. ನಾಲ್ಕು ಇಂಚಿನ ಓರೆ ಗೂಟ ಬಿಟ್ಟರೆ ಬಿದ್ದವರಿಗೆ ಚುಚ್ಚುತ್ತದೆ, ಗ್ರೂಮರ್‌ನ ಬ್ಲೇಡು ಬಾಗುತ್ತದೆ. ಮರದ ಕೊಂಬೆಯನ್ನು ಮಾತ್ರ ಕಾಂಡಕ್ಕೆ ತಾಗಿಸಿ ಕೊಯ್ಯಬೇಡಿ. ಬುಡದಲ್ಲಿ ಉಬ್ಬಿದ ಬಳೆ ಉಳಿಯುವಂತೆ ಕೊಯ್ದರೆ ಗಾಯ ಮಾಯುತ್ತದೆ. ಕಡಿದದ್ದನ್ನು ಬುಡ ಹೊರಮುಖವಾಗಿ, ಟ್ರೇಲ್‌ನಿಂದ ದೂರ ಎಳೆದು ಹಾಕಿ, ಚರಂಡಿಗೆ ಮಾತ್ರ ಹಾಕಬೇಡಿ. ಓಕ್ ಮರವನ್ನು ಏಪ್ರಿಲ್‌ನಿಂದ ಜುಲೈವರೆಗೆ ಮುಟ್ಟುವಂತಿಲ್ಲ, ಹಸಿ ಗಾಯದ ಮೂಲಕ ಓಕ್ ವಿಲ್ಟ್ ರೋಗ ಹರಡುತ್ತದೆ.

ಹುಲ್ಲು ಕತ್ತರಿಸೋದು, ಎಲೆ ಊದೋದು ನಿಜವಾಗ್ಲೂ ಬೇಕಾ? ಹೇಗೂ ಹಿಮ ಮುಚ್ಚುತ್ತಲ್ಲ?

ಮೊಣಕಾಲೆತ್ತರದ ಹುಲ್ಲಿನ ಮೇಲೆ ಬಿದ್ದ ಆರು ಇಂಚು ಹಿಮದ ಕೆಳಗೆ ಬರೀ ಗಾಳಿ ಇರುತ್ತದೆ, ತುಳಿದರೆ ನೆಲ ಸಿಗುತ್ತದೆ. ಅದೇ ಆರು ಇಂಚು, ಎರಡು ಮೂರು ಇಂಚಿಗೆ ಕತ್ತರಿಸಿದ ಹುಲ್ಲಿನ ಮೇಲೆ ಬಿದ್ದರೆ ಸೀಸನ್ ಶುರುವಾಗುತ್ತದೆ. ಹಿಮ ಕಡಿಮೆಯಾಗುತ್ತಿರುವ ವರ್ಷಗಳಲ್ಲಿ ನಿಜವಾದ ಲಾಭ ಇದರಲ್ಲೇ ಇದೆ, ಹೊಸ ಯಂತ್ರದಲ್ಲಲ್ಲ. ಕೊನೆಯ ಸಲ ಹುಲ್ಲು ಹೊಡೆಯುವುದು ಅಕ್ಟೋಬರ್‌ನಲ್ಲಿ.

ಎಲೆಗಳ ಕಥೆ ಬೇರೆ. ಕಪ್ಪು ಎಲೆ ಬಿಸಿಲು ಹೀರಿ ಸುತ್ತಲ ಹಿಮ ಕರಗಿಸುತ್ತದೆ, ಗ್ರೂಮರ್ ಕೆದಕಿದಾಗ ಮೇಲೆ ಬಂದು ಸ್ಕೀ ಹಿಡಿದುಕೊಳ್ಳುತ್ತದೆ. ಬೆನ್ನಿಗೆ ಕಟ್ಟುವ ಬ್ಲೋವರ್‌ನಿಂದ ಓಕ್ ಎಲೆ ಉದುರಿದ ಮೇಲೆ, ಎಲೆ ಒಣಗಿದ ದಿನ ಊದಬೇಕು. ಮಳೆ ಬಿದ್ದ ಮರುದಿನ ಹೋದರೆ ಇಂಧನ ದಂಡ.

ಪ್ರತಿ ವರ್ಷ ಒಂದೇ ಜಾಗದಲ್ಲಿ ನೀರು ನಿಲ್ಲುತ್ತೆ. ಮಣ್ಣು ಹಾಕಿದ್ರೆ ಆಗಲ್ವಾ?

ಮೊದಲು ನೀರು ಬರುವ ದಾರಿ ನೋಡಿ. ಮೇಲ್ಬದಿಯ ಚರಂಡಿ ಎಲೆಯಿಂದ ಮುಚ್ಚಿದೆಯೇ, ಮೋರಿಯ ಬಾಯಿ ಕಟ್ಟಿದೆಯೇ? ಹತ್ತರಲ್ಲಿ ಏಳೆಂಟು ಸಲ ಸಲಿಕೆ ಕೆಲಸಕ್ಕೇ ಮುಗಿಯುತ್ತದೆ. ಬೀವರ್ ಎಂಬ ಪ್ರಾಣಿ ಕಟ್ಟಿದ ಒಡ್ಡಾದರೆ ಕೈಹಾಕಬೇಡಿ, ಅನುಮತಿ ಪಡೆಯುವುದು ಕ್ಲಬ್‌ನ ಕೆಲಸ. ಜೌಗು ನೆಲಕ್ಕೆ ಮಣ್ಣು ತುಂಬುವುದಕ್ಕೂ ಪರವಾನಗಿ ಬೇಕು. ಜೌಗಿಗೆ ಸರಳ ಉಪಾಯ ಇದೆ. ಸಡಿಲ ಹಿಮ ನೆಲವನ್ನು ಬೆಚ್ಚಗಿಡುತ್ತದೆ, ಹೀಗಾಗಿ ಮೊದಲ ಹಿಮ ಬಿದ್ದೊಡನೆ ಸ್ನೋಶೂ (ಹಿಮದಲ್ಲಿ ಹೂಳದಂತೆ ಬೂಟಿಗೆ ಕಟ್ಟುವ ಅಗಲ ಚೌಕಟ್ಟು) ಹಾಕಿ ಅದನ್ನು ತುಳಿದು ಗಟ್ಟಿ ಮಾಡಿ. ಚಳಿ ಕೆಳಗಿಳಿದು ಜೌಗು ಹೆಪ್ಪುಗಟ್ಟುತ್ತದೆ. ಯಂತ್ರ ತರುವುದು ಆಮೇಲೆ.

ನನ್ನ ಹತ್ರ ಚೈನ್‌ಸಾ ಇದೆ. ತರಲಾ?

ತರಬೇಡಿ. ಅರಣ್ಯ ಇಲಾಖೆಯ ಜಮೀನಿನಲ್ಲಿ ಸ್ವಯಂಸೇವಕರಿಗೂ ಗರಗಸದ ತರಬೇತಿ, ಪ್ರಮಾಣಪತ್ರ ಕಡ್ಡಾಯ. ಕ್ಲಬ್‌ಗಳಲ್ಲೂ ಹೆಲ್ಮೆಟ್, ಕಣ್ಣು–ಕಿವಿಯ ರಕ್ಷಣೆ, ಕಾಲಿಗೆ ಚಾಪ್ಸ್ (ಗರಗಸ ತಗಲದಂತೆ ಕಟ್ಟುವ ಕಾಪು) ಇಲ್ಲದೆ ಮತ್ತು ಜೊತೆಗೊಬ್ಬರಿಲ್ಲದೆ ಮರ ಕೊಯ್ಯಲು ಬಿಡುವುದಿಲ್ಲ. ಬಿದ್ದ ಮರದ ಕೆಳಗೆ ಬಿಲ್ಲಿನಂತೆ ಬಗ್ಗಿ ಸಿಕ್ಕಿಕೊಂಡ ಎಳೆಮರ ಎಲ್ಲಕ್ಕಿಂತ ಅಪಾಯ; ಕೊಯ್ದ ಕ್ಷಣ ಅದು ನೆಟ್ಟಗಾಗಿ ಮುಖಕ್ಕೆ ಹೊಡೆಯುತ್ತದೆ. ಅರ್ಧ ಮುರಿದು ಮೇಲೆ ನೇತಾಡುವ ಕೊಂಬೆ ಎರಡನೆಯದು. 2009ರಲ್ಲಿ ಎಮರಾಲ್ಡ್ ಆ್ಯಶ್ ಬೋರರ್ ಹುಳು ಮಿನ್ನೆಸೋಟಾದಲ್ಲಿ ಪತ್ತೆಯಾದ ಮೇಲೆ ಒಣಗಿ ನಿಂತ ಆ್ಯಶ್ ಮರಗಳೂ ಹೆಚ್ಚಿವೆ. ಅವು ಕೊಯ್ಯುವಾಗ ಬಾಗದೆ ಪಟ್ಟನೆ ಮುರಿಯುತ್ತವೆ. ಆ ಸೌದೆಯನ್ನು ಮನೆಗೆ ಒಯ್ಯಬೇಡಿ, ಹುಳುವೂ ಜೊತೆಗೆ ಬರುತ್ತದೆ.

ನಾಲ್ಕು ಇಂಚಿಗಿಂತ ಸಣ್ಣದಕ್ಕೆ ಮಡಚುವ ಕೈಗರಗಸ ಸಾಕು. ಅದಕ್ಕಿಂತ ದಪ್ಪದ್ದು ಕಂಡರೆ ಫೋಟೋ ತೆಗೆದು, ಫೋನಿನಲ್ಲಿ ಜಾಗ ಗುರುತಿಸಿ ಕಳಿಸಿ.

ಬೇಟೆ ಸೀಸನ್‌ನಲ್ಲಿ ಕಾಡಿಗೆ ಹೋಗಬಹುದಾ? ಉಣುಗಿನ ಕಾಟ ಇದೆಯಾ?

ಬಂದೂಕಿನ ಜಿಂಕೆ ಬೇಟೆ ಮಿನ್ನೆಸೋಟಾದಲ್ಲಿ ನವೆಂಬರ್ ಮೊದಲ ವಾರದ ಸುಮಾರಿಗೆ, ವಿಸ್ಕಾನ್ಸಿನ್‌ನಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಿಂದಿನ ಶನಿವಾರದಿಂದ ಒಂಬತ್ತು ದಿನ. ಬಹುಪಾಲು ಕ್ಲಬ್‌ಗಳು ಆ ದಿನಗಳಲ್ಲಿ ಕೆಲಸ ನಿಲ್ಲಿಸುತ್ತವೆ. ಹೋಗಲೇಬೇಕಾದರೆ ಕಣ್ಣಿಗೆ ಹೊಡೆಯುವ ಕಿತ್ತಳೆ ಬಣ್ಣದ ಜಾಕೆಟ್, ಟೋಪಿ. ಮಲೆನಾಡಿನವರಿಗೆ ಉಣುಗಿನ ಭಯ ಹೊಸದಲ್ಲ. ಇಲ್ಲಿಯದು ಮಂಗನ ಕಾಯಿಲೆ ತರುವುದಿಲ್ಲ, ಲೈಮ್ ಕಾಯಿಲೆ ತರುತ್ತದೆ. ನೆಲ ಹೆಪ್ಪುಗಟ್ಟುವವರೆಗೂ ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿ, ಮನೆಗೆ ಹೋದ ಮೇಲೆ ಮೈ ಪೂರ್ತಿ ನೋಡಿಕೊಳ್ಳಿ.

ಬೋರ್ಡ್ ಹೊಡೆಯೋದ್ರಲ್ಲಿ ಏನು ಕಷ್ಟ?

ಎತ್ತರ ಮತ್ತು ಮೊಳೆ. ಹಿಮ ತುಂಬಿದ ಮೇಲೂ ಕಣ್ಣಿನ ಮಟ್ಟಕ್ಕಿರಬೇಕು, ಅಂದರೆ ಈಗ ತಲೆಗಿಂತ ಮೇಲೆ. ಅಲ್ಯೂಮಿನಿಯಂ ಮೊಳೆ ಬಳಸಿ, ಮುಂದೆ ಯಾರೋ ಆ ಮರ ಕೊಯ್ದಾಗ ಚೈನ್ ಹಾಳಾಗುವುದಿಲ್ಲ. ಅರ್ಧ ಇಂಚು ಹೊರಗೆ ಬಿಡಿ, ಇಲ್ಲವಾದರೆ ಮರ ದಪ್ಪವಾಗುತ್ತಾ ಬೋರ್ಡನ್ನೇ ನುಂಗುತ್ತದೆ. ಪ್ರತಿ ಕವಲಿನಲ್ಲೂ ನಕ್ಷೆ, ಕವಲು ದಾಟಿದ ಕೂಡಲೇ ಒಂದು ಗುರುತು. ಹಸಿರು ವೃತ್ತ ಸುಲಭ, ನೀಲಿ ಚೌಕ ಮಧ್ಯಮ, ಕಪ್ಪು ವಜ್ರಾಕೃತಿ ಕಠಿಣ. ಸಾಮಾನ್ಯವಾಗಿ ಬಿಟ್ಟುಹೋಗುವುದು ಇಳಿಜಾರಿನ ಎಚ್ಚರಿಕೆ ಫಲಕ. ಅದನ್ನು ಇಳಿಜಾರಿನ ತಲೆಯಲ್ಲಿ ಹಾಕಿದರೆ ಉಪಯೋಗವಿಲ್ಲ, ನಿಲ್ಲಲು ಸಾಧ್ಯವಿರುವಷ್ಟು ಮುಂಚೆ ಹಾಕಬೇಕು.

## ಹಿಮ ಬಿದ್ದ ಮೇಲೆ

ಗ್ರೂಮಿಂಗ್ ಅಂದ್ರೆ ನಿಖರವಾಗಿ ಏನು ಮಾಡ್ತಾರೆ?

ಊರಿನಲ್ಲಿ ಕುಂಟೆ ಹೊಡೆದು ಹೆಂಟೆ ಒಡೆದು ಕೊರಡು ಎಳೆಯುವ ಕ್ರಮವೇ ಇಲ್ಲೂ. ಹೊಸ ಹಿಮವನ್ನು ಮೊದಲು ರೋಲರ್‌ನಿಂದ ಒತ್ತುತ್ತಾರೆ. ಗಟ್ಟಿಯಾದ ಹಳೆ ಹಿಮವಾದರೆ ಬ್ಲೇಡು, ಹಲ್ಲುಗಳಿರುವ ಡ್ರ್ಯಾಗ್ ಎಳೆದು ಕೆದಕಿ, ಪುಡಿಮಾಡಿ, ಉಬ್ಬಿನಿಂದ ತಗ್ಗಿಗೆ ತುಂಬುತ್ತಾರೆ. ಹಿಂದಿನ ಬಾಚಣಿಗೆ ಎಳೆದ ಸಣ್ಣ ಗೆರೆಗಳೇ ಸ್ಕೇಟ್ ಮಾಡುವವರು ಹೊಗಳುವ ಕಾರ್ಡುರಾಯ್. ಕೊನೆಗೆ ಒಂದು ಬದಿಯಲ್ಲಿ ಕ್ಲಾಸಿಕ್ ಟ್ರ್ಯಾಕ್ ಒತ್ತುತ್ತಾರೆ. ದೊಡ್ಡ ಟ್ರೇಲ್‌ಗಳಲ್ಲಿ ಪಿಸ್ಟನ್‌ಬುಲಿಯಂಥ ಯಂತ್ರ, ಸಣ್ಣ ಕ್ಲಬ್‌ಗಳಲ್ಲಿ ಅಗಲ ಪಟ್ಟಿಯ ಸ್ನೋಮೊಬೈಲ್ (ಚಕ್ರದ ಬದಲು ಪಟ್ಟಿ ತಿರುಗಿ ಹಿಮದ ಮೇಲೆ ಓಡುವ ಗಾಡಿ) ಹಿಂದೆ ಕಟ್ಟಿದ ಗಿಂಜುಗ್ರೂಮರ್ ಅಥವಾ ಟಿಡ್‌ಟೆಕ್ ಡ್ರ್ಯಾಗ್.

ಎಷ್ಟು ಇಂಚು ಬಿದ್ರೆ ಶುರು ಮಾಡ್ತೀರಿ?

ಹುಲ್ಲು ಹೊಡೆದ ಸಮನೆಲದಲ್ಲಿ ನಾಲ್ಕು ಇಂಚಿಗೇ ರೋಲರ್ ಹೊರಡುತ್ತದೆ. ಕಲ್ಲು–ಬೇರಿನ ಕಾಡುದಾರಿಗೆ ಅದರ ಎರಡು ಮೂರು ಪಟ್ಟು ಬೇಕು. ಟ್ರ್ಯಾಕ್ ಒತ್ತಲು ನಾಲ್ಕು ಇಂಚಾದರೂ ಒತ್ತಿ ಗಟ್ಟಿಯಾದ ತಳ ಇರಬೇಕು. ಹಗುರ ಹಿಮ ಒತ್ತಿದಾಗ ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ ಎಂದು ಲೆಕ್ಕ ಹಾಕಿಕೊಳ್ಳಿ. ಒಂದು ಅಡಿ ಬೀಳಲಿ ಎಂದು ಕಾಯುತ್ತಾ ಕೂರಬಾರದು. ಬೀಳುಬೀಳುತ್ತಲೇ ಪದರ ಪದರವಾಗಿ ಒತ್ತಿದ ತಳವೇ ಮಾರ್ಚ್‌ವರೆಗೆ ನಿಲ್ಲುವುದು.

ಚಳೀಲಿ ರಾತ್ರಿ ಹೊತ್ತೇ ಯಾಕೆ ಮಾಡ್ತಾರೆ?

ಪುಡಿಮಾಡಿದ ಹಿಮದ ಕಣಗಳು ಒಂದಕ್ಕೊಂದು ಬೆಸೆದುಕೊಳ್ಳಲು ಕೆಲವು ಗಂಟೆ ಯಾರೂ ಮುಟ್ಟದೆ ಬಿಡಬೇಕು. ಉಷ್ಣಾಂಶ ಇಳಿಯುತ್ತಿರುವಾಗ ಆ ಬೆಸುಗೆ ಚೆನ್ನಾಗಿ ಆಗುತ್ತದೆ, ಅದಕ್ಕೇ ಸಂಜೆಯ ನಂತರ. ಮೈನಸ್ 20ರ ಒಣಚಳಿಯಲ್ಲಿ ಬೆಸುಗೆ ತೀರಾ ನಿಧಾನ. ಆಗ ಎಷ್ಟು ಒತ್ತಿದರೂ ಮರುದಿನ ಸಕ್ಕರೆಯಂತೆ ಉದುರುತ್ತಿರುತ್ತದೆ. ಅಂಥ ದಿನ ಮತ್ತೆ ಮತ್ತೆ ಕೆದಕಿದರೆ ಇನ್ನೂ ಕೆಡುತ್ತದೆ, ಮನೆಯಲ್ಲಿರಿ.

ನಿನ್ನೆ ತಾನೇ ಗ್ರೂಮ್ ಆಯ್ತು, ಇವತ್ತು ಬರೀ ಐಸ್. ಏನು ತಪ್ಪಾಯ್ತು?

ಬೇಗ ಹೊರಟಿರಬೇಕು. ಹಗಲು ಕರಗಿ ಒದ್ದೆಯಾದ ಹಿಮದ ಮೇಲೆ ಯಂತ್ರ ಓಡಿಸಿದರೆ ನೀರು ಹಿಂಡಿ ಮೇಲೆ ಬಂದು ರಾತ್ರಿ ಹಾಳೆಯಂತೆ ಹೆಪ್ಪುಗಟ್ಟುತ್ತದೆ. ಮೇಲ್ಪದರ ಹೆಪ್ಪುಗಟ್ಟಲು ಶುರುವಾಗಿ, ಮುಷ್ಟಿಯಲ್ಲಿ ಹಿಂಡಿದರೆ ನೀರು ಬಾರದ ಹೊತ್ತಿಗೆ ಹೊರಡಬೇಕು. ಪೂರ್ತಿ ಗಟ್ಟಿಯಾಗುವ ತನಕ ತಡಮಾಡಿದರೂ ಕಷ್ಟ, ಹಲ್ಲು ಇಳಿಯುವುದಿಲ್ಲ. ಈ ಒಂದೆರಡು ಗಂಟೆಯ ಅವಕಾಶ ಹಿಡಿಯುವುದೇ ಗ್ರೂಮಿಂಗ್‌ನ ವಿದ್ಯೆ. ಈಗಾಗಲೇ ಐಸ್ ಆಗಿದ್ದರೆ, ತಳ ದಪ್ಪವಿದ್ದಲ್ಲಿ ಮಾತ್ರ ಹಲ್ಲು ಆಳಕ್ಕಿಳಿಸಿ ಎರಡು ಸಲ ಕೆದಕಬಹುದು. ತೆಳುವಿದ್ದರೆ ಮಣ್ಣೇ ಮೇಲೆ ಬರುತ್ತದೆ, ಹೊಸ ಹಿಮಕ್ಕೆ ಕಾಯಿರಿ.

ಬರೀ ನಡ್ಕೊಂಡು ಹೋದ್ರೆ ಏನಾಗುತ್ತೆ? ನಾಯಿ, ಸೈಕಲ್?

ಮೆತ್ತಗಿನ ಹಿಮದಲ್ಲಿ ಬಿದ್ದ ಹೆಜ್ಜೆಗುಂಡಿ ರಾತ್ರಿ ಕಲ್ಲಾಗುತ್ತದೆ. ಇಳಿಜಾರಿನಲ್ಲಿ ಸ್ಕೀ ಮೂತಿ ಅದಕ್ಕೆ ಸಿಕ್ಕರೆ ಮಣಿಕಟ್ಟು ಹೋಯಿತು. ಒಂದೆರಡು ಗುಂಡಿಯನ್ನು ಸಲಿಕೆಯಿಂದ ಹಿಮ ತುಂಬಿ, ತುಳಿದು, ಅರ್ಧ ಗಂಟೆ ಬಿಟ್ಟು ಸರಿಮಾಡಬಹುದು. ದಪ್ಪ ಟಯರಿನ ಸೈಕಲ್‌ಗೆ, ಅಂದರೆ ಫ್ಯಾಟ್‌ಬೈಕ್‌ಗೆ ಅವಕಾಶ ಇರುವ ಟ್ರೇಲ್‌ಗಳಲ್ಲೂ ಟಯರ್ ಒಂದು ಇಂಚಿಗಿಂತ ಆಳ ಹೂತರೆ ಮರಳಬೇಕು. ನಡೆಯುವವರನ್ನು ಬೈಯುವುದಕ್ಕಿಂತ ಪಾರ್ಕಿಂಗ್ ಹತ್ತಿರದಿಂದಲೇ ಅವರಿಗೊಂದು ಬೇರೆ ದಾರಿ ತುಳಿದುಕೊಟ್ಟರೆ ಫಲ ಜಾಸ್ತಿ. ಮೂರು ಜನ ಸ್ನೋಶೂ ಹಾಕಿ ಒಂದು ಸುತ್ತು ಹೋದರೆ ದಾರಿ ಆಯಿತು.

## ಯಂತ್ರ ಮುಟ್ಟುವವರಿಗೆ

ಸ್ನೋಮೊಬೈಲ್ ಓಡಿಸೋಕೆ ಯಾವಾಗ ಬಿಡ್ತಾರೆ?

ಒಂದು ಸೀಸನ್ ಕೈಕೆಲಸ ಮಾಡಿ ಟ್ರೇಲ್‌ನ ಪ್ರತಿ ತಿರುವು ಪರಿಚಯವಾದ ಮೇಲೆ. ಮಿನ್ನೆಸೋಟಾದಲ್ಲಿ 1976 ಡಿಸೆಂಬರ್ 31ರ ನಂತರ ಹುಟ್ಟಿದವರಿಗೆ ಸ್ನೋಮೊಬೈಲ್ ಸುರಕ್ಷತಾ ಪ್ರಮಾಣಪತ್ರವೂ ಬೇಕು. ಕಲಿಯಬೇಕಾದದ್ದು ವೇಗವಲ್ಲ. ಡ್ರ್ಯಾಗ್ ಎಳೆಯುವಾಗ ಗಂಟೆಗೆ 5ರಿಂದ 8 ಮೈಲಿ ಸಾಕು. ಅದಕ್ಕಿಂತ ಜೋರಾದರೆ ಡ್ರ್ಯಾಗ್ ಕುಣಿದು ಅಲೆಯಲೆಯಾದ ಉಬ್ಬು ಬಿಡುತ್ತದೆ, ಮುಂದಿನ ಸಲ ಆ ಉಬ್ಬು ಇನ್ನೂ ದೊಡ್ಡದಾಗುತ್ತದೆ.

ನಿಧಾನ ಓಡಿಸಿದ್ರೂ ಇಂಜಿನ್ ಬಿಸಿಯಾಗಿ ದೀಪ ಹತ್ತುತ್ತೆ, ಯಾಕೆ?

ನಿಧಾನ ಓಡಿಸಿದ್ದರಿಂದಲೇ. ಬಹಳಷ್ಟು ಲಿಕ್ವಿಡ್ ಕೂಲ್ಡ್ ಮಾದರಿಗಳಲ್ಲಿ ಇಂಜಿನ್ ತಂಪಾಗುವುದು ಪಟ್ಟಿ ಎರಚುವ ಹಿಮಪುಡಿಯಿಂದ. ಗಟ್ಟಿ ನೆಲದಲ್ಲಿ, ಕಡಿಮೆ ವೇಗದಲ್ಲಿ ಪುಡಿ ಏಳುವುದಿಲ್ಲ. ಹಿಮ ಕೆರೆದು ಪುಡಿ ಎಬ್ಬಿಸುವ ಐಸ್ ಸ್ಕ್ರ್ಯಾಚರ್ ಕೆಳಗಿಳಿಸಿ. ಆಗಾಗ ಒಂದು ಬದಿಯನ್ನು ಅಂಚಿನ ಮೆತ್ತನೆ ಹಿಮಕ್ಕೆ ಇಳಿಸಿ ಓಡಿಸಿ. ದೀಪ ಹತ್ತಿದರೆ ನಿಲ್ಲಿಸಿ ಆರಲು ಬಿಡಿ, ಬಿಸಿ ಇಂಜಿನ್ ಮೇಲೆ ನೀರು ಹುಯ್ಯಬೇಡಿ. ಬಿಡಿ ಡ್ರೈವ್ ಬೆಲ್ಟ್, ಸ್ಪಾರ್ಕ್ ಪ್ಲಗ್, ಸಲಿಕೆ, ಹಗ್ಗ, ತಲೆದೀಪ ಇಲ್ಲದೆ ಶೆಡ್ ಬಿಡಬೇಡಿ.

ಯಂತ್ರ ಹೂತ್ಕೊಂಡ್ರೆ?

ಆ್ಯಕ್ಸಿಲರೇಟರ್ ಬಿಡಿ, ಪಟ್ಟಿ ತಿರುಗಿದಷ್ಟೂ ಗುಂಡಿ ಆಳ. ಮೊದಲು ಡ್ರ್ಯಾಗ್ ಕಳಚಿ. ಸ್ಕೀಗಳ ಮುಂದೆ, ಪಟ್ಟಿಯ ಹಿಂದೆ ಮುಂದೆ ಹಿಮ ತೆಗೆದು ಎರಡು ಯಂತ್ರದುದ್ದ ದಾರಿ ತುಳಿದು ಗಟ್ಟಿಮಾಡಿ, ಕಾಲು ಗಂಟೆ ಗಟ್ಟಿಯಾಗಲು ಬಿಟ್ಟು, ಆಮೇಲೆ ಮೆಲ್ಲಗೆ ಹೊರಡಿ. ಹೊರಬಂದು ಗಟ್ಟಿ ಜಾಗದಲ್ಲಿ ನಿಂತು, ಡ್ರ್ಯಾಗನ್ನು ಹಗ್ಗದಿಂದ ಎಳೆದುಕೊಳ್ಳಿ. ಹೊರಡುವ ಮುಂಚೆ ಮನೆಯವರಿಗೋ ಕ್ಲಬ್‌ನವರಿಗೋ ಯಾವ ಸುತ್ತು, ಎಷ್ಟು ಹೊತ್ತಿಗೆ ವಾಪಸ್ ಎಂದು ಸಂದೇಶ ಹಾಕಿರಬೇಕು.

ಕ್ಲಾಸಿಕ್ ಟ್ರ್ಯಾಕ್ ಅಳತೆ ಎಷ್ಟು? ಎಲ್ಲ ಕಡೆ ಹಾಕ್ಬೇಕಾ?

ಅಂತರರಾಷ್ಟ್ರೀಯ ಸ್ಕೀ ಒಕ್ಕೂಟದ ನಿಯಮದಂತೆ ಎರಡು ಗೆರೆಗಳ ಮಧ್ಯದಿಂದ ಮಧ್ಯಕ್ಕೆ 17ರಿಂದ 30 ಸೆಂಟಿಮೀಟರ್, ಆಳ 2ರಿಂದ 5 ಸೆಂಟಿಮೀಟರ್. ಅಕ್ಕಪಕ್ಕ ಎರಡು ಟ್ರ್ಯಾಕ್ ಇದ್ದರೆ ನಡುವೆ ಸುಮಾರು 4 ಅಡಿ. ಸಾಮಾನ್ಯ ದೋಷ, ಟ್ರ್ಯಾಕನ್ನು ತೀರಾ ಅಂಚಿಗೆ ಹಾಕುವುದು: ಹೊರಗಿನ ಕೈಯ ಸ್ಕೀ ಕೋಲು, ಒತ್ತದ ಹಿಮಕ್ಕೆ ಇಳಿದು ಹೂತುಹೋಗುತ್ತದೆ. ಅಂಚಿನಿಂದ ಎರಡಡಿಯಾದರೂ ಗಟ್ಟಿ ನೆಲ ಬಿಡಿ. ಕಡಿದಾದ ಇಳಿಜಾರಿನ ತಿರುವಿಗೆ ಮುಂಚೆ ಗೆರೆ ಒತ್ತುವ ಅಚ್ಚನ್ನು, ಅಂದರೆ ಟ್ರ್ಯಾಕ್ ಪ್ಯಾನನ್ನು, ಎತ್ತಿಬಿಡಿ. ಗೆರೆಯಲ್ಲಿ ಸಿಕ್ಕಿದ ಸ್ಕೀಯಿಂದ ಬ್ರೇಕ್ ಹಾಕಲಾಗುವುದಿಲ್ಲ.

ಕೆರೆ ಮೇಲೆ ಯಂತ್ರ ಓಡಿಸಬಹುದಾ?

ಮಿನ್ನೆಸೋಟಾ ನೈಸರ್ಗಿಕ ಸಂಪನ್ಮೂಲ ಇಲಾಖೆಯ ಲೆಕ್ಕ: ಹೊಸ ಸ್ವಚ್ಛ ಐಸ್ ಮೇಲೆ ನಡೆಯಲು 4 ಇಂಚು, ಸ್ನೋಮೊಬೈಲ್‌ಗೆ 5–7 ಇಂಚು. ಡ್ರ್ಯಾಗ್ ಕಟ್ಟಿದ ಭಾರದ ಯಂತ್ರಕ್ಕೆ ಇದಕ್ಕಿಂತ ಹೆಚ್ಚು ಬೇಕು. ಬಿಳಿ ಐಸ್‌ಗೆ ಬಲ ಅರ್ಧ, ಹಾಗಾಗಿ ದಪ್ಪ ಎರಡರಷ್ಟು ಬೇಕು. ಹೊಳೆ ಸೇರುವ ಜಾಗ, ಜೊಂಡಿನ ಅಂಚು ಯಾವಾಗಲೂ ತೆಳು. ಒಂದೇ ಕಡೆ ಕೊರೆದು ನೋಡಿ ನಂಬಬೇಡಿ, 150 ಅಡಿಗೊಮ್ಮೆ ಕೊರೆದು ಅಳೆಯಿರಿ.

ಹಿಮವೇ ಬೀಳದ ವರ್ಷ ಏನು ಕೆಲಸ ಇರುತ್ತೆ?

2023–24ರ ಚಳಿಗಾಲ ಮಿನ್ನೆಸೋಟಾದ ದಾಖಲೆಗಳಲ್ಲೇ ಅತಿ ಬೆಚ್ಚಗಿನದು. 2024ರ ಬರ್ಕಿ ಸ್ಪರ್ಧೆಯನ್ನು ಯಂತ್ರದಿಂದ ಮಾಡಿದ ಹಿಮದ 10 ಕಿಲೋಮೀಟರ್ ಸುತ್ತಿನ ಮೇಲೆ ನಡೆಸಬೇಕಾಯಿತು. ಮಿನ್ನಿಯಾಪೊಲಿಸ್ ಸುತ್ತಮುತ್ತಲಿನ ಥಿಯೋಡರ್ ವರ್ತ್, ಎಲ್ಮ್ ಕ್ರೀಕ್, ಹೈಲ್ಯಾಂಡ್ ಪಾರ್ಕ್‌ಗಳಲ್ಲಿ, ಡುಲೂತ್‌ನ ಗ್ರ್ಯಾಂಡ್ ಅವೆನ್ಯೂ ನಾರ್ಡಿಕ್ ಸೆಂಟರ್‌ನಲ್ಲಿ ಹಿಮ ತಯಾರಿಸುವ ವ್ಯವಸ್ಥೆ ಇದೆ. ಅದಕ್ಕೆ ತೇವಾಂಶ ಲೆಕ್ಕ ಹಿಡಿದ ವೆಟ್‌ಬಲ್ಬ್ ಉಷ್ಣಾಂಶ 28 ಫ್ಯಾರನ್‌ಹೀಟ್‌ಗಿಂತ, ಅಂದರೆ ಮೈನಸ್ 2 ಸೆಲ್ಸಿಯಸ್‌ಗಿಂತ ಕೆಳಗೆ ಇರಬೇಕು. ಗಾಳಿ ಒಣಗಿದ್ದರೆ ಥರ್ಮಾಮೀಟರ್ ಸೊನ್ನೆ ತೋರಿಸುತ್ತಿದ್ದರೂ ಸಾಧ್ಯ, ತೇವವಿದ್ದರೆ ಮೈನಸ್ 2ರಲ್ಲೂ ಸಾಧ್ಯವಿಲ್ಲ.

ಪಂಪು, ಹಿಮ ಎರಚುವ ಗನ್ನುಗಳನ್ನು ನೋಡಿಕೊಳ್ಳುವುದು ಸಂಬಳದ ನೌಕರರು. ಸ್ವಯಂಸೇವಕರಿಗೆ ಬರುವುದು ಹೋಸ್ ಎಳೆಯುವುದು, ಗುಡ್ಡೆ ಹರಡಿದ ಮೇಲೆ ಅಂಚು ಸರಿಮಾಡುವುದು, ಸೇತುವೆಗಳ ಮೇಲೆ ಸಲಿಕೆಯಿಂದ ಹಿಮ ಹಾಕುವುದು. ಹೋಸ್ ಬಳಸಿದ ಕೂಡಲೇ ಇಳಿಜಾರಿನಲ್ಲಿ ಚಾಚಿ ನೀರು ಪೂರ್ತಿ ಬಸಿಯಬೇಕು. ಹತ್ತು ನಿಮಿಷ ಉದಾಸೀನ ಮಾಡಿದರೆ ಒಳಗೇ ಹೆಪ್ಪುಗಟ್ಟಿ ಸುರುಳಿ ಸುತ್ತಲೂ ಆಗದೆ, ಬೆಚ್ಚಗಿನ ಶೆಡ್‌ನಲ್ಲಿ ಒಂದು ದಿನ ಬಿಡಬೇಕಾಗುತ್ತದೆ.